ಪದ ಬೇಕು: ‘ಫ್ಲೋರೆಸೆಂಟ್ ಲೇಬಲ್’ (ಇವತ್ತು ಸಂಜೆಯೊಳಗೆ)

> ನಾಳೆ ಧಾರವಾಡದಲ್ಲಿ ನಮ್ಮ ಮಕ್ಕಳ ವಿಜ್ಞಾನ ಪ್ರದರ್ಶನ. ನೊಣದ ಭ್ರೂಣದ ಚಿತ್ರದ ಕೆಳಗೆ ‘ಪ್ರತಿದೀಪ್ತ ಗುರುತುಕಾರಕದಿಂದ ವಂಶವಾಹಿ ಅಭಿವ್ಯಕ್ತಿಯ ದೃಶ್ಯೀಕರಣ’ ಎಂದು ಬರೆಸಲೇ? ಆರಕ್ಕೆ ಪೇಂಟರ್ ಬರುತ್ತಾನೆ.

ಅಕ್ಕೋರೇ, ಬರೆಸಬೇಡಿ. ತಪ್ಪೇನಿಲ್ಲ, ಆದರೆ ಓದಿದ ಹುಡುಗರಿಗೆ ಏನೂ ತಿಳಿಯುವುದಿಲ್ಲ.

ಮೇಲೊಬ್ಬರು ಹೇಳಿದ ‘ಮಿಣುಕು ಗುರುತು’ ಬೇಡವೇ ಬೇಡ. ಮಿಣುಕುಹುಳ ತನ್ನ ಮೈಯಲ್ಲೇ ಬೆಳಕು ಹುಟ್ಟಿಸುತ್ತದೆ. ಫ್ಲೋರೆಸೆಂಟ್ ಬಣ್ಣ ಹೊಳೆಯಲು ಹೊರಗಿನ ಬೆಳಕು ಬೀಳಲೇಬೇಕು. ‘ರೇಡಿಯಂ ಬಣ್ಣ’ವೂ ಸಲ್ಲದು. ಗಾಡಿಯ ಹಿಂದಿನ ರೇಡಿಯಂ ಬಿದ್ದ ಬೆಳಕನ್ನೇ ವಾಪಸ್ ಕಳಿಸುತ್ತದೆ, ಅಷ್ಟೇ.

ಹುಬ್ಬಳ್ಳಿ ದುರ್ಗದಬೈಲಿನ ಅಂಗಡಿಗಳಲ್ಲಿ ಗಲ್ಲಾದ ಪಕ್ಕ ನೋಟು ನೋಡುವ ನೇರಳೆ ದೀಪ ಇರುತ್ತದೆ ಅಲ್ವಾ? ಅದರ ಕೆಳಗೆ 500ರ ನೋಟು ಹಿಡಿಯಿರಿ. ನಂಬರು ಹೊಳೆಯುತ್ತದೆ, ಕಾಗದದೊಳಗಿನ ಸಣ್ಣ ಎಳೆಗಳು ಬಣ್ಣಬಣ್ಣವಾಗಿ ಏಳುತ್ತವೆ. ದೀಪ ಆರಿಸಿದರೆ ಎಲ್ಲ ಮಾಯ. ಒಂದು ಬೆಳಕು ತಿಂದು ಇನ್ನೊಂದು ಬಣ್ಣದ ಬೆಳಕು ಕೊಡುವ ಗುಣ ಅದು. ನಾನು ‘ಮರುಬೆಳಕು’ ಎನ್ನುತ್ತೇನೆ. ಮರುದನಿಯ ಮರು ಅಲ್ಲ, ಮರುಮಾತಿನ ಮರು. ಮರುಮಾತು ಎಂದರೆ ಆಡಿದ ಮಾತೇ ತಿರುಗಿ ಬರುವುದಲ್ಲ, ಅದಕ್ಕೆ ಬರುವ ಉತ್ತರ.

‘ಅಭಿವ್ಯಕ್ತಿ’ ಕವಿಗಳಿಗಿರಲಿ. ಭ್ರೂಣದ ಎಲ್ಲ ಜೀವಕೋಶಗಳಲ್ಲೂ ಅದೇ ಜೀನ್ (ನೀವು ಬರೆದ ವಂಶವಾಹಿ) ಇರುತ್ತದೆ, ಕೆಲಸಕ್ಕೆ ಇಳಿಯುವುದು ಕೆಲವು ಕಡೆ ಮಾತ್ರ. ಇಳಿದಲ್ಲಿ ಅದರ ಆರ್‌ಎನ್‌ಎ ನಕಲು ತಯಾರಾಗುತ್ತದೆ. ಆ ನಕಲಿಗೆ ಜೋಡಿಯಾಗುವ ಎಳೆಯೊಂದಕ್ಕೆ ಮರುಬೆಳಕಿನ ಬಣ್ಣ ಕಟ್ಟಿ ಬಿಟ್ಟರೆ ಅಲ್ಲಿಗೇ ಹೋಗಿ ಅಂಟುತ್ತದೆ. ಹಣ್ಣುನೊಣದ ಭ್ರೂಣ ಬರೀ ಅರ್ಧ ಮಿಲಿಮೀಟರ್ ಉದ್ದ. ಅದರಲ್ಲಿ ‘ಈವನ್ ಸ್ಕಿಪ್ಡ್’ ಜೀನ್ 7 ಪಟ್ಟೆಗಳಾಗಿ ಕಾಣುವುದು ಹೀಗೆ. ‘ಅಭಿವ್ಯಕ್ತಿ’ ಎಂದರೆ ಈ ಪಟ್ಟೆ ಯಾರ ಕಣ್ಣ ಮುಂದೆ ಬರುತ್ತದೆ?

‘ಜೀನ್ ಇಂಗ್ಲಿಷು, ವಂಶವಾಹಿ ಎನ್ನಿ’ ಎಂದವರಿಗೆ ಒಂದು ಮಾತು. ‘ಜೀನ್’ ಪದ ಕಟ್ಟಿದ್ದು 1909ರಲ್ಲಿ, ಡೆನ್ಮಾರ್ಕಿನ ವಿಜ್ಞಾನಿ ಯೋಹಾನ್ಸೆನ್. ಇಂಗ್ಲಿಷಿನವರಿಗೂ ಅದು ಸಾಲವೇ. ‘ವಂಶವಾಹಿ’ಯ ಎರಡೂ ತುಂಡು ಸಂಸ್ಕೃತದ್ದು. ಅಲ್ಲಿಂದ ತಂದರೆ ನಮ್ಮದು, ಬೇರೆ ಕಡೆಯಿಂದ ತಂದರೆ ಪರರದ್ದು, ಇದು ಯಾವ ನ್ಯಾಯ? ಫ್ಲೋರೆಸೆನ್ಸ್ ಎಂಬ ಹೆಸರನ್ನು 1852ರಲ್ಲಿ ವಿಜ್ಞಾನಿ ಸ್ಟೋಕ್ಸ್ ಕೊಟ್ಟದ್ದು ಫ್ಲೋರ್‌ಸ್ಪಾರ್ ಎಂಬ ಕಲ್ಲಿನಿಂದ. ಅವರು ಕಲ್ಲು ನೋಡಿ ಹೆಸರಿಟ್ಟರು. ನಾವು ಮಾತ್ರ ಸುಮ್ನೆ ನಿಘಂಟು ನೋಡಿ ಇಡುತ್ತೇವೆ.

ಪೇಂಟರಿಗೆ ಇದನ್ನು ಕೊಡಿ: ‘ಯಾವ ಜೀನ್ ಎಲ್ಲಿ ಕೆಲಸ ಮಾಡುತ್ತಿದೆ? ಮರುಬೆಳಕಿನ ಬಣ್ಣ ತೋರಿಸುತ್ತದೆ.’ ಜಾಗ ಉಳಿದರೆ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪ್ರತಿದೀಪ್ತಿ’ ಎಂದೂ ಬರೆಸಿ. ಮಕ್ಕಳು ಪುಸ್ತಕದಲ್ಲಿ ಓದುವುದು ಅದನ್ನೇ.