ಸಹಾಯ ಬೇಕು: ಥಾಂಪ್ಸನ್ ಸ್ಯಾಂಪ್ಲಿಂಗ್‌ನಲ್ಲಿ ಹಳೇ ಲೆಕ್ಕ ಮರೆಸೋದು ಹೆಂಗೆ?

ನಮಸ್ಕಾರ್ರಿ. ರಾಯಚೂರು ಸುತ್ತಿನ ಹತ್ತಿ ಬೆಳೆಗಾರರಿಗೆ ಮಾರ್ಕೆಟ್ ರೇಟ್ ಹೇಳೋ ರೆಕಾರ್ಡೆಡ್ ಕಾಲ್ ಹೋಗ್ತದ, ದಿನಕ್ಕೆ 200. ಬೆಳಿಗ್ಗೆ 6, ಮಧ್ಯಾಹ್ನ 1, ಸಂಜೆ 5, ರಾತ್ರಿ 8: ನಾಲ್ಕು ಹೊತ್ತು, ಅಂದ್ರೆ ನಾಲ್ಕು ಆರ್ಮ್ (ಆಯ್ಕೆ). ಯಾವ ಹೊತ್ತಿಗೆ ಜನ ಹೆಚ್ಚು ಕೇಳ್ತಾರ ಅಂತ ಕಲೀತಾ ಕಾಲ್ ಹಂಚಬೇಕು. 30 ಸೆಕೆಂಡ್ ಕೇಳಿದ್ರೆ 1 (ಗೆಲುವು), ಇಲ್ಲಾಂದ್ರ 0 (ಸೋಲು).

ಮೊದಲು ಯುಸಿಬಿ1 ಇತ್ತು (ಸರಾಸರಿಗೆ, ಕಡಿಮೆ ನೋಡಿದ ಆರ್ಮ್‌ಗೆ ಹೆಚ್ಚು ಸಿಗೋ ಬೋನಸ್ ಕೂಡಿಸಿ, ಅತಿ ಹೆಚ್ಚು ಅಂಕದ ಆರ್ಮ್ ಆರಿಸೋ ವಿಧಾನ). ದಿನದ ಪಟ್ಟಿ ಒಂದೇ ಸಲ ತಯಾರಾಗೋದ್ರಿಂದ 200 ಕಾಲೂ ಒಂದೇ ಹೊತ್ತಿಗೆ ಬೀಳ್ತಿದ್ದವು. ನಡುವೆ ಅಪ್‌ಡೇಟ್ ಇಲ್ಲಂದ್ರ ಅದು ಆರ್ಮ್ ಬದಲಿಸೋದೇ ಇಲ್ಲ. ಈಗಿರೋ ಥಾಂಪ್ಸನ್‌ನಲ್ಲಿ ಪ್ರತಿ ನಂಬರಿಗೂ ಪ್ರತಿ ಆರ್ಮ್‌ನ ಬೀಟಾದಿಂದ (ಗೆಲುವು-ಸೋಲಿನ ಎಣಿಕೆಯಿಂದ ಮಾಡಿದ ಸಂಭವದ ಹಂಚಿಕೆ) ಬೇರೆ ಸ್ಯಾಂಪಲ್ ತೆಗೆದು, ದೊಡ್ಡದು ಬಂದ ಹೊತ್ತನ್ನ ಆರಿಸ್ತೀವಿ, ಕಾಲ್ ತಾನೇ ಹಂಚಿಕೊಳ್ತವ. ನೆಟ್‌ವರ್ಕ್ ಸಿಗದೆ ಬಿದ್ದ ಕಾಲನ್ನ ಲೆಕ್ಕದಿಂದಲೇ ತೆಗೆದೀವಿ. 0 ಅಂತ ಬರೆದ್ರೆ ಟವರ್ ತಪ್ಪಿಗೆ ಆ ಹೊತ್ತಿಗೆ ಶಿಕ್ಷೆ. ಮಿಸ್ಡ್ ಕಾಲ್ ನೋಡಿ ತಿರುಗಿ ಮಾಡೋರಿಗಾಗಿ 24 ತಾಸು ಕಾದು ಅಪ್‌ಡೇಟ್.

ತೊಂದ್ರೆ ಇಲ್ಲೈತಿ. ಹತ್ತಿ ಬಿಡಿಸೋ ಕಾಲ ಬಂತಂದ್ರ ಬೆಳಿಗ್ಗೆ 6ಕ್ಕೆ ಯಾರೂ ಫೋನ್ ಎತ್ತಂಗಿಲ್ಲ, ಆದ್ರ ಹಳೇ ಗೆಲುವಿನ ರಾಶಿ ಅದನ್ನ ಇನ್ನೂ ಮೇಲೇ ಇಟ್ಟಿರ್ತದ. ದಿನಾ ಹಳೇ ಗೆಲುವು-ಸೋಲು ಎರಡನ್ನೂ ಗಾಮಾ ಅನ್ನೋ 1ಕ್ಕಿಂತ ಚಿಕ್ಕ ಸಂಖ್ಯೆಯಿಂದ ಗುಣಿಸ್ತೀವಿ (ಬೀಟಾಗೆ ಶುರುವಿನಲ್ಲಿ ಕೊಟ್ಟ 1,1 ಮಾತ್ರ ಮುಟ್ಟಲ್ಲ, ಅದೂ ಕರಗಿದ್ರೆ ಸ್ಯಾಂಪಲ್ 0 ಇಲ್ಲಾ 1ರ ಅಂಚಿಗೆ ಹಾರ್ತದ). 0.98 ಇಟ್ರೆ ಸುಮಾರು 50 ದಿನದ ನೆನಪು, ಭಾಳ ನಿಧಾನ. 0.9ಕ್ಕೆ 10 ದಿನ. ಆಗ ಸೋತ ಆರ್ಮ್‌ನ ಲೆಕ್ಕ ಕರಗಿ ಮಧ್ಯಾಹ್ನ 1ಕ್ಕೆ ಸುಮ್ನೆ ಕಾಲ್ ಹೋಗ್ತವ.

ಗಾಮಾ ಆರಿಸೋಕೆ ಏನು ಮಾಡ್ತೀರಿ? ಸ್ಲೈಡಿಂಗ್ ವಿಂಡೋ (ಕೊನೆಯ ಕೆಲವೇ ದಿನದ ಲೆಕ್ಕ ಇಟ್ಕೊಳ್ಳೋದು) ವಾಸಿನಾ? ವಾರದ ದಿನ ಸೇರಿಸಿದ್ರೆ 28 ಆರ್ಮ್, ದಿನಕ್ಕೆ 200 ಕಾಲ್ ಸಾಲಂಗಿಲ್ಲ ಅನಿಸ್ತದ.