ಅಪ್ಪನ ಬೂದಿ ಮಲಪ್ರಭೆಗೆ ಬಿಡಬಹುದಾ? ಚರ್ಚ್ ಏನು ಹೇಳುತ್ತದೆ?

ಪ್ರಶ್ನೆ (ಬೆಳಗಾವಿ ಕ್ಯಾಂಪ್):
ನಮ್ಮದು ಕ್ಯಾಥೊಲಿಕ್ ಮನೆ. ಅಪ್ಪನಿಗೆ ಎಂಬತ್ತು ದಾಟಿದೆ, ಗಟ್ಟಿಯಾಗಿದ್ದಾರೆ. ಊಟಕ್ಕೆ ಕೂತರೆ ಒಂದೇ ಮಾತು: "ನನ್ನನ್ನು ಹೂಳಬೇಡಿ, ಸುಡಿ. ಬೂದಿ ಖಾನಾಪುರದಲ್ಲಿ ಹೊಳೆಗೆ ಬಿಡಿ." ಅವರು ಈಜು ಕಲಿತದ್ದು ಅಲ್ಲೇ. ನಮ್ಮ ಸೋದರತ್ತೆ ಮಾತ್ರ ತಟ್ಟೆ ಬಿಟ್ಟು ಏಳುತ್ತಾರೆ. ಸುಟ್ಟರೆ ಪುನರುತ್ಥಾನ, ಅಂದರೆ ಸತ್ತವರು ಮತ್ತೆ ಜೀವಂತ ಏಳೋದು, ಹೇಗೆ ಅಂತ ಅವರ ವಾದ. ಯಾರದು ಸರಿ?

ಉತ್ತರ 1:
ಸುಡೋದಕ್ಕೆ ಅಡ್ಡಿ ಇಲ್ರೀ. 1963ರಲ್ಲೇ ರೋಮ್ ನಿಷೇಧ ಸಡಿಲಿಸಿತು. ಕ್ರಿಸ್ತನ ಬೋಧನೆಯನ್ನು ಅಲ್ಲಗಳೆಯಲು ಅಂತ ಸುಡಿಸಿಕೊಳ್ಳಬಾರದು, ಅಷ್ಟೇ. 1983ರ ಚರ್ಚ್ ಕಾನೂನಿನಲ್ಲೂ ಇದೇ ಇದೆ. ಆದರೂ ಹೂಳುವುದೇ ಚರ್ಚಿಗೆ ಹೆಚ್ಚು ಇಷ್ಟ. ದೇವರಿಗೆ ಮಣ್ಣಾದ ದೇಹವೂ ಒಂದೇ, ಬೂದಿಯಾದ ದೇಹವೂ ಒಂದೇ ಅಂತ ಅತ್ತೆಗೆ ಹೇಳಿ. ಬೆಂಕಿಯಲ್ಲಿ ಸತ್ತ ಸಂತರಿಲ್ವಾ?

ಉತ್ತರ 2:
ಹೊಳೆಗೆ ಬಿಡೋದು ಮಾತ್ರ ಆಗಲ್ಲ. 2016ರ ವ್ಯಾಟಿಕನ್ ಸೂಚನೆ ಸ್ಪಷ್ಟ: ನೀರಿಗೆ, ಗಾಳಿಗೆ, ನೆಲಕ್ಕೆ ಚೆಲ್ಲಬಾರದು, ಮನೆಮಂದಿ ಹಂಚಿಕೊಳ್ಳಬಾರದು, ಲಾಕೆಟ್‌ನಲ್ಲೂ ಇಡಬಾರದು. ಸಿಮಿಟ್ರಿಯಂಥ ಪವಿತ್ರ ಜಾಗದಲ್ಲೇ ಇಡಬೇಕು. 2023ರ ಕೊನೆಗೆ ಒಂಚೂರು ಸಡಿಲವಾಗಿದೆ. ಸ್ವಲ್ಪ ಬೂದಿಯನ್ನು ತೀರಿಹೋದವರಿಗೆ ಮುಖ್ಯವಾಗಿದ್ದ ಜಾಗದಲ್ಲಿ ಇಡಲು ಅನುಮತಿ ಕೇಳಬಹುದು. ಇಡೋದು ಅಂದರೆ ಚೆಲ್ಲೋದಲ್ಲ, ನೋಡಿ.

ಪ್ರಶ್ನೆ ಕೇಳಿದವರು:
ಅಪ್ಪನಿಗೆ ಓದಿ ಹೇಳಿದೆ. "ಹಾಗಾದ್ರೆ ಅವ್ವನ ಗೋರಿಯಲ್ಲೇ ಇಡಿ, ಜಾಗ ಉಳೀತು" ಅಂದರು. ಅತ್ತೆ ಇನ್ನೂ ಮುನಿಸಿಕೊಂಡಿದ್ದಾರೆ. ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಇಬ್ಬರನ್ನೂ ಕೂರಿಸ್ತೀನಿ.