ಆರಾಧನೆಯಲ್ಲಿ ಹಾಡುವವರ ಸೇವೆ ಯಾರಿಗಾಗಿ?

ಪ್ರಶ್ನೆ: ಮಂಡ್ಯದ ಕೀಬೋರ್ಡ್ ವಾದಕ

ಎಲ್ಲರಿಗೂ ವಂದನೆಗಳು. ಮಂಡ್ಯದ ಒಂದು ಕ್ರೈಸ್ತ ಸಭೆಯ ಗಾಯನವೃಂದದಲ್ಲಿ ನಾನು ಕೀಬೋರ್ಡ್ ನುಡಿಸುತ್ತೇನೆ. ಈಸ್ಟರ್ ಆರಾಧನೆಗೆಂದು ಹೊಸ ಹಾಡುಗಳನ್ನು ವಾರಗಟ್ಟಲೆ ಅಭ್ಯಾಸ ಮಾಡಿದ್ದೆವು. ಎಲ್ಲಿಯೂ ತಾಳ ತಪ್ಪಲಿಲ್ಲ, ಹಲವರು ಬಂದು ಹೊಗಳಿದರು. ಆದರೆ ನಾವು ಹಾಡಿದಷ್ಟು ಹೊತ್ತೂ ಸಭೆಯವರು ಕೈಕಟ್ಟಿ ನಿಂತು ಕೇಳಿದರೇ ಹೊರತು ಯಾರೂ ದನಿಗೂಡಿಸಲಿಲ್ಲ. ಈಗ ವೃಂದದಲ್ಲಿ ಎರಡು ಅಭಿಪ್ರಾಯಗಳಿವೆ. ದೇವರಿಗೆ ಅರ್ಪಿಸುವುದು ಅತ್ಯುತ್ತಮವಾಗಿರಬೇಕು, ಸಭೆ ಹಾಡುವುದು ಬಿಡುವುದು ಆಮೇಲಿನ ಮಾತು ಎಂಬುದು ಒಂದು. ಸಭೆಯ ಬಾಯಿಗೆ ಬಾರದ ಹಾಡು ಸಂಗೀತ ಕಚೇರಿಯೇ ಹೊರತು ಆರಾಧನೆಯಲ್ಲ ಎಂಬುದು ಇನ್ನೊಂದು. ಸಂಗೀತಸೇವೆಯ ನಿಜವಾದ ಉದ್ದೇಶವೇನೆಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1: ಮೈಸೂರಿನ ಹಿರಿಯ ಕ್ವಾಯರ್ ಸದಸ್ಯ

ಪ್ರಿಯ ಸಹೋದರರೇ, ನಾನು ಎರಡನೆಯ ಪಕ್ಷದವನು. ಕೀರ್ತನೆಗಳಿಂದಲೂ ಸ್ತುತಿಪದಗಳಿಂದಲೂ ಒಬ್ಬರಿಗೊಬ್ಬರು ಬುದ್ಧಿಹೇಳಿಕೊಳ್ಳಿರಿ ಎಂಬ ಅರ್ಥದಲ್ಲಿ ಪೌಲನು ಕೊಲೊಸ್ಸೆಯವರಿಗೆ ಬರೆದದ್ದು (3:16) ಇಡೀ ಸಭೆಗೆ, ಗಾಯಕರಿಗೆ ಮಾತ್ರವಲ್ಲ. ನಮ್ಮೂರಿನ ಕೆಥೆಡ್ರಲ್ ಯಾರ ಹೆಸರನ್ನು ಹೊತ್ತಿದೆಯೋ ಆ ಜಾನ್ ವೆಸ್ಲಿಯವರು, ಮೆಥಡಿಸ್ಟ್ ಪಂಥದ ಸ್ಥಾಪಕರು, 1761ರಲ್ಲಿ ಹಾಡುವವರಿಗಾಗಿ ಕೆಲವು ಸೂಚನೆಗಳನ್ನು ಪ್ರಕಟಿಸಿದರು. ಎಲ್ಲರೂ ಹಾಡಬೇಕು, ಧೈರ್ಯವಾಗಿ ಹಾಡಬೇಕು, ಆದರೆ ಉಳಿದವರ ದನಿಯನ್ನು ಮೀರಿ ತನ್ನದೇ ಕೇಳಿಸುವಂತೆ ಅರಚಬಾರದು, ತನ್ನನ್ನಾಗಲಿ ಇತರರನ್ನಾಗಲಿ ಮೆಚ್ಚಿಸುವುದಕ್ಕಿಂತ ದೇವರನ್ನು ಮೆಚ್ಚಿಸುವ ಗುರಿಯಿರಬೇಕು ಎಂಬುದು ಅವುಗಳ ಸಾರ. ಮೈಕ್ ಇಲ್ಲದ ಕಾಲದಲ್ಲೇ ಇದನ್ನು ಹೇಳಬೇಕಾಗಿ ಬಂದಿತ್ತು!

ನಿಮ್ಮ ತೊಂದರೆಗೆ ಅರ್ಧ ಕಾರಣ ಶ್ರುತಿಯೇ ಇರಬಹುದು. ಮುಖ್ಯ ಗಾಯಕಿಯ ಕಂಠಕ್ಕೆ ಒಪ್ಪುವಂತೆ ಹಾಡನ್ನು ಕೂರಿಸಿದಾಗ ಪಲ್ಲವಿ ಹೇಗೋ ಸಾಗುತ್ತದೆ. ಚರಣದಲ್ಲಿ ಸ್ವರ ಮೇಲೇರಿದೊಡನೆ ಹಿಂದಿನ ಬೆಂಚುಗಳ ಗಂಡಸರು ಸುಮ್ಮನಾಗುತ್ತಾರೆ, ಅವರ ಹಿಂದೆಯೇ ವಯಸ್ಸಾದ ಹೆಂಗಸರೂ ನಿಲ್ಲಿಸುತ್ತಾರೆ. ಶ್ರುತಿಯನ್ನು ಸ್ವಲ್ಪ ಇಳಿಸಿ ನೋಡಿ, ಗಾಯಕಿಗೆ ಬೇಸರವಾದರೂ ಸರಿಯೇ. ಹೊಸ ಹಾಡಾದರೆ ಆರಾಧನೆಗೆ ಮುಂಚೆ ಪಲ್ಲವಿಯನ್ನಾದರೂ ಸಭೆಗೆ ಹೇಳಿಕೊಡಿ.

ಉತ್ತರ 2: ಮೈಸೂರಿನ ಧರ್ಮಕೇಂದ್ರವೊಂದರ ಗಾಯಕಿ

ಹಿರಿಯರ ಮಾತನ್ನು ಗೌರವದಿಂದಲೇ ಸ್ವಲ್ಪ ತಿದ್ದಬಯಸುತ್ತೇನೆ. ನಮ್ಮ ಕಥೋಲಿಕ ಧರ್ಮಸಭೆಯ ಬಿಷಪ್ಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾವಿಧಿಯ ಶಾಸನವು ಪವಿತ್ರ ಸಂಗೀತದ ಉದ್ದೇಶವೆಂದು ದೇವರ ಮಹಿಮೆಯನ್ನೂ ಭಕ್ತರ ಪಾವನೀಕರಣವನ್ನೂ ಒಟ್ಟಿಗೆ ಹೇಳುತ್ತದೆ. ಗಾಯನವೃಂದಗಳನ್ನು ಬೆಳೆಸಬೇಕೆನ್ನುವ ಆ ಶಾಸನವೇ ಜನರೂ ತಮ್ಮ ಪಾಲಿನದನ್ನು ಹಾಡುವಂತಾಗಬೇಕೆಂದೂ ವಿಧಿಸುತ್ತದೆ. ಬಲಿಪೂಜೆಯಲ್ಲಿ (ಮಾಸ್) ಕೀರ್ತನೆಯ ನಡುನಡುವೆ ಬರುವ ಪ್ರತ್ಯುತ್ತರ ಜನರದು, ಅದನ್ನು ನಾವು ಕಸಿದುಕೊಳ್ಳಬಾರದು. ಕಾಣಿಕೆಯ ಹೊತ್ತಿನಲ್ಲಿ ವೃಂದವೊಂದೇ ಹಾಡಿದರೆ ತಪ್ಪೇನೂ ಇಲ್ಲ. ಆದ್ದರಿಂದ ಸುಮ್ಮನೆ ನಿಂತವರೆಲ್ಲರೂ ಆರಾಧನೆಯಿಂದ ಹೊರಗುಳಿದರು ಎನ್ನಲಾಗದು.

ಸಾವಿನ ಮನೆಯವರಿಗಾಗಿ ನಡೆಯುವ ಬಲಿಪೂಜೆಯನ್ನು ನೆನೆಯಿರಿ. ಮುಂದಿನ ಸಾಲಿನಲ್ಲಿ ಕುಳಿತ ಮಗಳಿಗೆ ಹಾಡು ಬಾಯಿಪಾಠವಿರುತ್ತದೆ, ಆದರೆ ಮೊದಲ ಸಾಲಿಗೇ ಗಂಟಲು ಕಟ್ಟುತ್ತದೆ. ಪುನರುತ್ಥಾನದ ನಂಬಿಕೆಯನ್ನು ಆಕೆ ಹೇಳಲಾಗದ ಹೊತ್ತಿನಲ್ಲಿ ಆಕೆಯ ಪರವಾಗಿ ನಾವು ಹೇಳುತ್ತೇವೆ. ಅಲ್ಲಿ ನಮ್ಮನ್ನು ಯಾರೂ ಹೊಗಳುವುದಿಲ್ಲ, ಆಲಾಪನೆಯೂ ಬೇಕಿಲ್ಲ, ಆದರೆ ಶ್ರುತಿ ಮಾತ್ರ ಕದಲಬಾರದು. ನಾನು ಅಭ್ಯಾಸಕ್ಕೆ ತಪ್ಪದೆ ಹೋಗುವುದು ಅದಕ್ಕಾಗಿಯೇ.

ಉತ್ತರ 3: ಮಂಡ್ಯದ ಓದುಗ

ಹೊಗಳಿಕೆಯ ವಿಷಯಕ್ಕೆ ಒಂದು ಮಾತು. ಹಾಡಿನ ಅರ್ಥಕ್ಕಿಂತ ಹಾಡುಗಾರಿಕೆಯೇ ತಮ್ಮನ್ನು ಹೆಚ್ಚು ಕದಲಿಸಿದರೆ ಅದು ಪಾಪವೆಂದು ಸಂತ ಅಗಸ್ಟೀನರು ಬರೆದುಕೊಂಡಿದ್ದಾರೆ. ಹಾಗಿದ್ದೂ ದೇವಾಲಯದಲ್ಲಿ ಹಾಡು ಬೇಡವೆಂದು ಅವರು ಹೇಳಲಿಲ್ಲ. ಇನ್ನು ಬೈಬಲಿನ ದಾವೀದ ಅರಸನ ಕಾಲದ ಗಾಯಕರು 288 ಮಂದಿ, ಎಲ್ಲರೂ ನುರಿತವರು. ಆದರೂ ಅವರ ಸರದಿಯನ್ನು ನಿರ್ಧರಿಸಿದ್ದು ದೊಡ್ಡವರು ಚಿಕ್ಕವರು, ಗುರು ಶಿಷ್ಯರೆಂಬ ಭೇದವಿಲ್ಲದೆ ಚೀಟು ಹಾಕಿ (1 ಪೂರ್ವಕಾಲವೃತ್ತಾಂತ 25). ನಿಮ್ಮಲ್ಲಿ ಪ್ರತಿ ಭಾನುವಾರವೂ ಮುಖ್ಯ ಮೈಕ್ ಒಬ್ಬರ ಕೈಯಲ್ಲೇ ಇರುತ್ತದೆಯೇ?

ಮಂಡ್ಯದ ಕೀಬೋರ್ಡ್ ವಾದಕ

ಹೌದು, ಒಬ್ಬರ ಕೈಯಲ್ಲೇ ಇರುತ್ತದೆ. ಶನಿವಾರದ ಅಭ್ಯಾಸದಲ್ಲಿ ಶ್ರುತಿಯ ಮಾತನ್ನೂ ಸರದಿಯ ಮಾತನ್ನೂ ಎತ್ತುತ್ತೇನೆ. ಮೊದಲನೆಯದಕ್ಕೆ ಒಪ್ಪಿಗೆ ಸುಲಭವಾಗಿ ಸಿಗಬಹುದು.